ವರ್ಗ ರದ್ದಾದ ನರ್ಸಬಾಯಿ

ಯುದ್ಧದ ವರ್ಷಗಳಲ್ಲಿ ಹಾನಗಲ್ಲಿನ ನಮ್ಮ ದವಾಖಾನೆಗೆ ಒಬ್ಬರೇ ನರ್ಸಬಾಯಿ ಇದ್ದರು. ಡಾಕ್ಟರರಿದ್ದರು, ಕಂಪೌಂಡರನಿದ್ದ, ಕಬ್ಬಿಣದ ಮಂಚಗಳಿದ್ದವು, ಔಷಧವೂ ಒಮ್ಮೊಮ್ಮೆ ಇರುತ್ತಿತ್ತು. ನರ್ಸಬಾಯಿ ಮಾತ್ರ ಒಬ್ಬರು. ಅವರೂ ಪೂರ್ತಿ ನಮ್ಮವರಲ್ಲ. ಹಿರೇಕೆರೂರಿನ ನರ್ಸಬಾಯಿ ಮಿಲಿಟರಿ ಆಸ್ಪತ್ರೆಗೆ ಸೇರಿ ಹೋದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ. ಹೀಗಾಗಿ ನಮ್ಮ ಬಾಯಿಯವರು ಆಗಾಗ ತಿಳವಳ್ಳಿ, ಹಂಸಭಾವಿ ದಾಟಿ ಅಲ್ಲಿಗೆ ಹೋಗಿ ಒಂದೆರಡು ದಿನ ಕೆಲಸ ಮಾಡಿ ಬರಬೇಕಿತ್ತು. ಶಿಗ್ಗಾವಿಯಲ್ಲಿಯೂ ಜಾಗ ಖಾಲಿಯಿತ್ತು. ಸವಣೂರು ಆಗ ನವಾಬರ ಸಂಸ್ಥಾನ. ಅಲ್ಲಿಯ ವ್ಯವಸ್ಥೆಯೇ ಬೇರೆ. ನಮ್ಮ ಕಡೆಯ ನೌಕರರನ್ನು ಅಲ್ಲಿಗೆ ಕಳಿಸುವಂತಿರಲಿಲ್ಲ.

ನಮ್ಮ ಮನೆ ದವಾಖಾನೆಯ ಎದುರಿಗಿತ್ತು. ನಾನು ಹುಬ್ಬಳ್ಳಿಯ ಒಂದು ವಾರಪತ್ರಿಕೆಗೆ ಸುದ್ದಿ ಬರೆದು ಕಳಿಸುತ್ತಿದ್ದೆ. ಮಳೆ, ಬೆಳೆ, ಸಂತೆಯ ಧಾರಣೆ, ಸಭೆ, ಸಾವು. ಬರೆಯುವ ಜಾಗ ಮನೆಯ ಮುಂದಿನ ಕಟ್ಟೆ. ಅಲ್ಲಿ ಕುಳಿತರೆ ದವಾಖಾನೆಯ ಮೆಟ್ಟಿಲು ಪೂರ್ತಿ ಕಾಣುತ್ತಿತ್ತು.

ನರ್ಸ್ ಇಲ್ಲದಿದ್ದರೆ ಏನಾಗುತ್ತದೆ ಎಂಬುದು ಆ ಮೆಟ್ಟಿಲುಗಳ ಮೇಲೆಯೇ ತಿಳಿಯುತ್ತಿತ್ತು. ಚಕ್ಕಡಿಯಲ್ಲಿ ಬಂದ ಹೆಂಗಸು ಇಳಿಯುವ ಮೊದಲೇ ಕೇಳುತ್ತಿದ್ದಳು: "ಬಾಯಾರ ಅದಾರೇನ್ರಿ?" ಹಿರೇಕೆರೂರಿಗೆ ಹೋಗ್ಯಾರ ಎಂದು ಬಾಗಿಲಲ್ಲಿ ನಿಂತ ಪಟ್ಟೇವಾಲಾ ಹೇಳಿದರೆ ಚಕ್ಕಡಿ ನಿಂತಲ್ಲಿಯೇ ತಿರುಗುತ್ತಿತ್ತು. ಒಳಗೆ ಡಾಕ್ಟರರು ಕುಳಿತೇ ಇರುತ್ತಿದ್ದರು. ಹೆಂಗಸಿನ ಬೇನೆಯನ್ನು ಗಂಡಸಿನ ಮುಂದೆ ಹೇಳುವುದು ಹೇಗೆ? ವಾರ್ಡಿನಲ್ಲಿ ಮಲಗುವವರು ಮನೆಯಿಂದ ಒಬ್ಬರನ್ನು ಕರೆದುಕೊಂಡೇ ಬರಬೇಕಿತ್ತು, ಗಂಜಿ ಕುಡಿಸಲು, ಬಟ್ಟೆ ಬದಲಿಸಲು, ನೊಣ ಓಡಿಸಲು. ಒಬ್ಬರು ಹಾಸಿಗೆ ಹಿಡಿದರೆ ಇಬ್ಬರ ಕೆಲಸ ನಿಲ್ಲುತ್ತಿತ್ತು. ಭತ್ತದ ಗದ್ದೆಯಲ್ಲಿ ಕಳೆ ತೆಗೆಯುವ ಕಾಲಕ್ಕೆ ಊರು ತುಂಬ ಚಳಿಜ್ವರ, ವಾರ್ಡು ಮಾತ್ರ ಅರ್ಧ ಖಾಲಿ. ಜ್ವರದವರ ಹತ್ತಿರ ಕೂರಲು ಮನೆಯಲ್ಲಿ ಯಾರಿಗೂ ಬಿಡುವಿರುತ್ತಿರಲಿಲ್ಲ. ತಪಾಸಣೆಗೆ ಬಂದ ದೊಡ್ಡ ಸಾಹೇಬರೊಬ್ಬರು ಆ ಖಾಲಿ ಮಂಚಗಳನ್ನು ನೋಡಿ, ಇಲ್ಲಿ ಅಷ್ಟೇನೂ ಕೆಲಸವಿಲ್ಲ ಎಂದು ಹೇಳಿ ಹೋದರು.

ಬಾಯಿಯವರು ಸವಣೂರಿನವರು. ತಂದೆ ಎಲೆಬಳ್ಳಿಯ ತೋಟದಲ್ಲಿ ದುಡಿದು ತೀರಿಕೊಂಡಿದ್ದರು. ಚಿಕ್ಕಂದಿನಲ್ಲಿ ಮದುವೆಯಾಗಿ, ಬೇಗನೆ ಗಂಡನನ್ನು ಕಳೆದುಕೊಂಡು, ಮಿಶನ್ ಆಸ್ಪತ್ರೆಯೊಂದರಲ್ಲಿ ಕೆಲಸ ಕಲಿತು ಬಂದವರು. ಎತ್ತರದ ಹೆಂಗಸು. ನಡೆಯುವಾಗ ಎಡಗಾಲನ್ನು ತುಸು ಎಳೆಯುತ್ತಿದ್ದರು. ಬೆಳಿಗ್ಗೆ ಕಡಿಮೆ, ಸಂಜೆಗೆ ಹೆಚ್ಚು. ತಾಯಿ ಸವಣೂರಿನಲ್ಲಿಯೇ ಇದ್ದಳು. ತೋಟದಿಂದ ಬಂದ ಎಲೆಯನ್ನು ಆರಿಸಿ ಕಟ್ಟು ಕಟ್ಟುವುದು ಅವಳ ಕೆಲಸ. ಸಂತೆಯ ದಿನ ಮೋಟಾರಿನ ಕಂಡಕ್ಟರನ ಕೈಯಲ್ಲಿ ಮಗಳಿಗೆ ಒಂದು ಕಟ್ಟು ಎಲೆ ತಪ್ಪದೆ ಬರುತ್ತಿತ್ತು. ಅದರಲ್ಲಿ ಅರ್ಧ ನಮ್ಮ ಅವ್ವನಿಗೆ.

ಸಂಜೆ ಕೆಲಸ ಮುಗಿದ ಮೇಲೆ ಬಾಯಿಯವರು ನಮ್ಮ ಕಟ್ಟೆಗೆ ಬಂದು ಚಹಾ ಕುಡಿಯುತ್ತಿದ್ದರು. ಅವ್ವ ಮಡಿಯ ಹೆಂಗಸು. ಬಾಯಿಯವರ ಕಪ್ಪು ಕಟ್ಟೆಯ ಗೋಡೆಯ ಮಾಡದಲ್ಲಿ ಬೇರೆಯಾಗಿಯೇ ಇರುತ್ತಿತ್ತು. ಅದನ್ನು ಅವರೇ ತೆಗೆದು, ಅವರೇ ತೊಳೆದು ಇಡುತ್ತಿದ್ದರು. ಅವ್ವ ಹೊಸ್ತಿಲ ಒಳಗೆ, ಬಾಯಿಯವರು ಹೊರಗೆ, ನಡುವೆ ಮಾತು. ಮಾತೂ ಹೆಚ್ಚಲ್ಲ. ಬಹಳ ಸಲ ಬಾಯಿಯವರು ಗೋಡೆಗೆ ತಲೆಯಾನಿಸಿ, ಕಪ್ಪು ಕೈಯಲ್ಲಿದ್ದಂತೆಯೇ ಕಣ್ಣು ಮುಚ್ಚಿಬಿಡುತ್ತಿದ್ದರು. ಅವ್ವ ಎಬ್ಬಿಸುತ್ತಿರಲಿಲ್ಲ.

ಒಂದು ಸಂತೆಯ ದಿನ ಕಂಡಕ್ಟರ ಬರಿಗೈಯಲ್ಲಿ ಬಂದ.

"ಬಾಯಾರ, ನಿಮ್ಮವ್ವಗ ಲಕ್ವಾ ಹೊಡದೈತ್ರಿ. ಬಲಗೈ, ಬಲಗಾಲ ಎರಡೂ ಬಿದ್ದಾವ. ಮಾತೂ ತೊದಲತೈತಿ."

ಬಾಯಿಯವರು ರಜೆ ಹಾಕಿ ಹೋಗಿ ಕೆಲವು ದಿನಗಳಲ್ಲಿಯೇ ತಿರುಗಿ ಬಂದರು. ಅಷ್ಟರೊಳಗೆ ಇಲ್ಲಿ ಹೆಂಗಸರ ವಾರ್ಡಿನಲ್ಲಿ ಕಂಪೌಂಡರನ ಹೆಂಡತಿಯನ್ನು ಕರೆದು ಕೆಲಸ ಸಾಗಿಸಿದ್ದರು. ಓಣಿಯವರು ಏನೋ ಅಂದರೆಂದು ಆಕೆ ಮತ್ತೆ ಬರಲಿಲ್ಲ. ಆ ಸಂಜೆ ಬಾಯಿಯವರು ಕಟ್ಟೆಯ ಮೇಲೆ ಕುಳಿತು ಅವ್ವನಿಗೆ ಹೇಳಿದ್ದನ್ನು ನಾನು ಅಲ್ಲಿಯೇ ಇದ್ದು ಕೇಳಿದೆ.

"ಬಾಜೂಮನಿ ಹೆಣಮಗಳಿಗೆ ಹೇಳಿ ಬಂದೇನ್ರಿ. ಕೆಟ್ಟಾಕಿ ಅಲ್ಲ ಆಕಿ. ಗಂಜಿ ಕುಡಸ್ತಾಳ, ಮಾರಿ ತೊಳೀತಾಳ. ಆದ್ರ ಮಗ್ಗಲಾ ಹೊಳ್ಳಸಾಕ ಅಂಜತಾಳ. ಹೊಳ್ಳಿಸಿದ್ರ ಎಲ್ಲಿ ಜೀಂವ ಹೋಗತೈತೋ ಅಂತ ಅಂಗಾತ ಹಂಗ ಬಿಟ್ಟಬಿಟ್ಟಾಳ. ಬೆನ್ನ ಕೆಂಪ ಆಗೈತ್ರಿ. ಇನ್ನೊಂದೀಟ ದಿನಾ ಹಿಂಗ ಬಿಟ್ರ ಒಡೀತೈತಿ. ಒಡದ್ರ ಮುಗೀತು."

"ಮತ್ತೇನ್ ಮಾಡ್ತೀರಿ, ಬಾಯಾರ?" ಅಂದಳು ಅವ್ವ.

"ಶಿಗ್ಗಾವಿಗೆ ಬದ್ಲಿ ಕೇಳಿ ಬರದೇನ್ರಿ. ಅಲ್ಲೆ ಜಾಗಾ ಖಾಲಿ ಐತಿ. ಶಿಗ್ಗಾವಿಂದ ಸವಣೂರ ಸಮೀಪ. ಅವ್ವನ್ನ ಹತ್ತಿರ ಇಟ್ಕೊಂಡಂಗ ಆಗತೈತಿ, ಕೆಲಸಾನೂ ಬಿಟ್ಟಂಗ ಆಗೂದಿಲ್ಲ." ಕಪ್ಪನ್ನು ಕೆಳಗಿಟ್ಟು ಮತ್ತೆ ಹೇಳಿದರು. "ಇಲ್ಲೆ ದಿನಾ ಎಲ್ಲಾರ ಮಗ್ಗಲಾ ಹೊಳ್ಳಸ್ತೇನ್ರಿ. ನಮ್ಮವ್ವನ ಮಗ್ಗಲಾ ಹೊಳ್ಳಸಾಕ ಯಾರೂ ಇಲ್ಲ."

ಕೆಲವು ವಾರಗಳ ಮೇಲೆ ವರ್ಗದ ಹುಕುಂ ಬಂತು. ಕೇಳಿದ ಊರೇ ಸಿಕ್ಕಿತ್ತು. ಬಾಯಿಯವರ ಮುಖದಲ್ಲಿ ಆ ದಿನ ಕಂಡ ಹಗುರವನ್ನು ನಾನು ಹಿಂದೆ ಕಂಡಿರಲಿಲ್ಲ.

ನಮ್ಮ ಓಣಿಯ ಕೊನೆಯ ಮನೆ ಒಬ್ಬ ಪಿಂಚಣಿ ಮಾಸ್ತರರದು. ಸಂಸ್ಕೃತ ಓದಿದ ವೈಷ್ಣವ ಮನೆತನ. ಮೂರು ತಾಲೂಕಿನಲ್ಲಿ ಅವರ ಶಿಷ್ಯರಿದ್ದರು. ಊರಿಗೆ ಏನು ಬೇಕಾದರೂ ಅರ್ಜಿ ಬರೆಯುವವರು ಅವರೇ. ಅವರ ಹೆಂಡತಿಗೆ ಸಿಹಿಮೂತ್ರದ ಬೇನೆ. ಕಾಲಿನಲ್ಲಿ ಒಂದು ಹುಣ್ಣಾಗಿ ವರ್ಷವಾದರೂ ಮಾಯ್ದಿರಲಿಲ್ಲ. ಕಂಪೌಂಡರನ ಮುಂದೆ ಕಾಲು ಚಾಚಲು ಆಕೆ ಒಪ್ಪುತ್ತಿರಲಿಲ್ಲ. ಬಾಯಿಯವರು ದಿನ ಬಿಟ್ಟು ದಿನ ಅವರ ಮನೆಗೇ ಹೋಗಿ ಹುಣ್ಣು ತೊಳೆದು ಪಟ್ಟಿ ಕಟ್ಟಿ ಬರುತ್ತಿದ್ದರು.

ಇಲ್ಲಿ ನಮ್ಮ ಕಡೆಯ ಒಂದು ರೂಢಿಯನ್ನು ಹೇಳಬೇಕು. ಮನೆಗೆ ಬಂದ ಬೀಗರು, ನೆಂಟರು ಹೊರಟು ನಿಂತರೆ ಹೋಗಿ ಬನ್ನಿ ಎಂದು ಕಳಿಸುವುದು ನಮ್ಮಲ್ಲಿ ಮರ್ಯಾದೆಯಲ್ಲ. ಇನ್ನೊಂದು ದಿನ ಇರಬೇಕು ಎಂದು ಜಗ್ಗಬೇಕು. ಅವರು ಒಲ್ಲೆ ಅನ್ನಬೇಕು, ಇವರು ಬಿಡಬಾರದು. ಗಂಟನ್ನು ಕಸಿದು ಅಟ್ಟದ ಮೇಲಿಡುತ್ತಾರೆ, ಚಪ್ಪಲಿ ಅಡಗಿಸುತ್ತಾರೆ. ಬಂದವರಿಗೆ ನಿಜವಾಗಿಯೂ ಹೋಗುವ ತುರ್ತಿದೆಯೇ ಎಂದು ಕೇಳುವ ಪದ್ಧತಿಯಿಲ್ಲ. ಹೋಗುತ್ತೇನೆ ಎನ್ನುವುದು ಬಂದವರ ಬಾಯಿಮಾತು, ಬಿಡದಿರುವುದು ಮನೆಯವರ ಪ್ರೀತಿ. ಮಾಸ್ತರರು ಇದರಲ್ಲಿ ಹೆಸರುವಾಸಿ. ಅವರ ಮನೆಯಿಂದ ಹೊರಟ ದಿನವೇ ಊರು ಮುಟ್ಟಿದ ನೆಂಟರಿಲ್ಲ ಎಂದು ಓಣಿಯಲ್ಲಿ ನಗುತ್ತಿದ್ದರು.

ವರ್ಗದ ಸುದ್ದಿ ಕೇಳಿ ಮಾಸ್ತರರು ನಮ್ಮ ಕಟ್ಟೆಗೆ ಬಂದರು.

"ಇದು ಶಿಗ್ಗಾವಿಯವರ ಕಾರಸ್ತಾನ. ಹ್ವಾದ ವರ್ಷ ನಮ್ಮ ಇಂಗ್ಲಿಷ್ ಮಾಸ್ತರನ್ನ ಒಯ್ದರು. ಈಗ ನಮ್ಮ ಬಾಯಾರ ಮ್ಯಾಲೆ ಕಣ್ಣ ಬಿದ್ದದ. ನಾವೇನು ಕೈಗೆ ಬಳಿ ತೊಟ್ಟಕೊಂಡ ಕೂತೇವೇನು?"

ಒಳಗಿನಿಂದ ಅವ್ವ ಅಂದಳು: "ಬಳಿ ತೊಟ್ಟವರದೇ ಮಾತು ಕೇಳ್ರಿ ಒಂದೀಟು. ಬದ್ಲಿ ಬಾಯಾರ ತಾವಾಗೇ ಕೇಳ್ಯಾರ. ಅವರವ್ವಗ ಲಕ್ವಾ ಹೊಡದದ. ನನ್ನ ಮುಂದನ ಹೇಳ್ಯಾರ."

"ಹೇಳ್ತಾರ್ರೀ, ಹೇಳದ ಏನ್ ಮಾಡ್ತಾರ? ನೌಕರಿ ಮಾಡೋ ಮಂದಿ, ಮ್ಯಾಲಿನವರು ದಬ್ಬಿದ್ರು ಅಂತ ಹೇಳ್ಲಿಕ್ಕೆ ಆಗ್ತದೇನು? ಮರ್ಯಾದಿಯವರು, ನಾನ ಕೇಳೇನಿ ಅಂತಾರ."

"ಅವರನ ಒಂದ ಮಾತು ಕೇಳ್ರಲಾ."

"ಕೇಳಿದ್ರ ಸಂಕೋಚಕ್ಕ ಬ್ಯಾಡ ಅಂತಾರ. ನಾವು ಕೇಳಬಾರದು, ಮಾಡಿಬಿಡಬೇಕು."

ಆದರೂ ಮಾಸ್ತರರ ಹೆಂಡತಿಯೇ ಮರುದಿನ ಪಟ್ಟಿ ಕಟ್ಟಿಸಿಕೊಳ್ಳುವಾಗ ಕೇಳಿದಳಂತೆ. ಬಾಯಿಯವರು, ನನಗೆ ಹೋಗುವುದೇ ಬೇಕಾಗಿದೆ ಎಂದರಂತೆ. ಒಂದು ಸಲ ಒಲ್ಲೆ ಅಂದದ್ದನ್ನು ಯಾರು ನಂಬುತ್ತಾರೆ?

ಅರ್ಜಿ ಓಣಿಯಿಂದ ಓಣಿಗೆ ಹೋಯಿತು. ನಾನು ಆವರೆಗೆ ಕಂಡ ಅರ್ಜಿಗಳಲ್ಲಿ ಅಷ್ಟು ಜನ ಸೇರಿದ್ದು ಬೇರೊಂದಿಲ್ಲ. ಕಾಂಗ್ರೆಸ್ಸಿನವರು, ಅವರನ್ನು ಕಂಡರಾಗದವರು, ಅಡತಿ ವ್ಯಾಪಾರಿಗಳು, ಮುಲ್ಲಾ, ಮಠದವರು, ಎಲ್ಲರೂ ಸಹಿ ಹಾಕಿದರು. ಸಂತೆಗೆ ಬಂದ ಹಳ್ಳಿಯ ಹೆಂಗಸರು ತಾವಾಗಿ ಕೇಳಿಕೊಂಡು ಬಂದು ಹೆಬ್ಬೆಟ್ಟು ಒತ್ತಿದರು. "ಬಾಯಾರ ಸಲುವಾಗೇನ್ರಿ? ಎರಡೂ ಹೆಬ್ಬಟ್ಟ ಒತ್ತತೇನಿ ತಡೀರಿ" ಎಂದಳು ಒಬ್ಬಳು. ನಮ್ಮ ಅವ್ವ ಮಾತ್ರ ಹಾಕಲಿಲ್ಲ. ಮಾಸ್ತರರು ನಾಲ್ಕಾರು ಜನರನ್ನು ಕಟ್ಟಿಕೊಂಡು ಧಾರವಾಡಕ್ಕೆ ಹೋದರು. ಅಲ್ಲಿಯ ಅಧಿಕಾರಿಗಳಿಗೂ ಇದು ಸುಲಭದ ಕೆಲಸ. ಎರಡು ಊರಿಗೆ ಒಬ್ಬರೇ ನರ್ಸ್ ಇದ್ದಾಗ ಯಾವ ಊರಲ್ಲಿಟ್ಟರೂ ಇನ್ನೊಂದು ಊರು ಕೂಗುತ್ತದೆ. ಕೂಗಿದ ಊರಿಗೆ ಕೊಟ್ಟರಾಯಿತು.

ವರ್ಗ ರದ್ದಾಯಿತು.

ಮಾಸ್ತರರು ಧಾರವಾಡದ ಫೇಡೆ, ಒಂದು ದೊಡ್ಡ ಹೂಮಾಲೆ ತೆಗೆದುಕೊಂಡು, ಹಿಂದೆ ಮಂದಿ ಕಟ್ಟಿಕೊಂಡು ದವಾಖಾನೆಗೆ ಬಂದಾಗ ಬಾಯಿಯವರು ಹಿಂಬದಿಯ ಪಡಸಾಲೆಯಲ್ಲಿ ಪಟ್ಟಿಯ ಬಟ್ಟೆ ಕುದಿಸುತ್ತಿದ್ದರು. ಯುದ್ಧದ ದಿನಗಳು, ಹೊಸ ಬಟ್ಟೆ ಬರುತ್ತಿರಲಿಲ್ಲ. ಹಳೆಯದನ್ನೇ ಒಗೆದು, ಕುದಿಸಿ, ಒಣಗಿಸಿ ಮತ್ತೆ ಕಟ್ಟುವುದು. ಆವಿಯ ಹಿಂದೆ ಅವರ ಮುಖ ಬೆವೆತಿತ್ತು.

"ನಿಮ್ಮ ಬದ್ಲಿ ರದ್ದಾತ್ರಿ ಬಾಯಾರ!" ಎಂದರು ಮಾಸ್ತರರು. "ಇಡೀ ಊರು ಎದ್ದ ನಿಂತದ ನಿಮ್ಮ ಸಲುವಾಗಿ. ಶಿಗ್ಗಾವಿಯವರು ಇನ್ನ ಬಾಯಿ ಬಡ್ಕೋಬೇಕು."

ಬಾಯಿಯವರ ಕೈಯಲ್ಲಿ ಬಟ್ಟೆ ತೆಗೆಯುವ ಉದ್ದನೆಯ ಚಿಮಟವಿತ್ತು. ಅದನ್ನು ಪಾತ್ರೆಯಲ್ಲಿಯೇ ಬಿಟ್ಟರು. ಮಾಸ್ತರರನ್ನು, ಹೂಮಾಲೆಯನ್ನು, ಹಿಂದೆ ನಿಂತ ಮಂದಿಯನ್ನು ನೋಡಿದರು. ಬಹಳ ಹೊತ್ತೇನೂ ನೋಡಲಿಲ್ಲ.

"ಹಂಗೇನ್ರಿ?" ಅಂದರು. "ಫೇಡೆ ವಾರ್ಡಿನ್ಯಾಗ ಹಂಚ್ರಿ. ಮೂಲಿ ಮಂಚದಾಕಿಗೆ ಕೊಡಬ್ಯಾಡ್ರಿ, ಹೊಟ್ಟಿ ಕೆಟ್ಟೈತಿ."

ಹೂಮಾಲೆಯನ್ನು ಕೊರಳಿಗೆ ಹಾಕಿಸಿಕೊಂಡರು. ಅದು ಆವಿಗೆ ಬಾಡಬಾರದೆಂದು ತೆಗೆದು ಕಿಟಕಿಗೆ ತೂಗುಹಾಕಿ ಮತ್ತೆ ಬಟ್ಟೆ ತೆಗೆಯಲು ಹತ್ತಿದರು. ಮಂದಿ ಜಯಕಾರ ಹಾಕಿತು. ನಾನು ಸುದ್ದಿ ಬರೆದು ಕಳಿಸಿದೆ: ನರ್ಸಬಾಯಿಯವರ ವರ್ಗ ರದ್ದು, ಜನರಲ್ಲಿ ಹರ್ಷ. ಅದು ಹಾಗೆಯೇ ಅಚ್ಚಾಯಿತು. ಅದರಲ್ಲಿ ಸುಳ್ಳಿರಲಿಲ್ಲ. ಹರ್ಷ ಜನರಲ್ಲಿತ್ತು.

ಆ ಸಂಜೆ ಬಾಯಿಯವರು ಕಟ್ಟೆಗೆ ಬಂದರು. ಅವ್ವ ಚಹಾ ಕೊಟ್ಟಳು. ಕುಡಿದು, ಕಪ್ಪು ತೊಳೆದಿಟ್ಟು ಹೋದರು.

ಆಮೇಲೆ ಅವರು ದೀರ್ಘ ರಜೆ ಕೇಳಿದರು. ಬೇರೆ ನರ್ಸ್ ಸಿಗದ ಕಾರಣ ರಜೆ ಕೊಡಲಾಗದು ಎಂಬ ಉತ್ತರ ಬಂತು. ತಾಯಿಯನ್ನು ಇಲ್ಲಿಗೇ ತರಬಹುದೇ ಎಂದು ಡಾಕ್ಟರರನ್ನು ಕೇಳಿದರು. ಆ ಸ್ಥಿತಿಯಲ್ಲಿ ಚಕ್ಕಡಿಯಾಗಲಿ ಮೋಟಾರಾಗಲಿ ಬೇಡ, ದಾರಿಯಲ್ಲಿಯೇ ಬೆನ್ನು ಒಡೆಯುತ್ತದೆ ಎಂದರು ಡಾಕ್ಟರರು. ಒಳ್ಳೆಯ ಮನುಷ್ಯ, ಇವರಿಗೆ ರಜೆ ಕೊಡಿ ಎಂದು ತಾವೂ ಮೇಲಿನವರಿಗೆ ಬರೆದಿದ್ದರು. ಹಿರೇಕೆರೂರಿನ ಪಾಳಿ ಮಾತ್ರ ತಪ್ಪಲಿಲ್ಲ. ಪೆಟ್ರೋಲು ಸಿಗದ ಆ ದಿನಗಳ ಇದ್ದಿಲ ಗ್ಯಾಸಿನ ಮೋಟಾರು ಏರು ಬಂದಲ್ಲಿ ನಿಲ್ಲುತ್ತಿತ್ತು, ಮಂದಿ ಇಳಿದು ದೂಡಬೇಕು. ಆ ಮೋಟಾರಿನಲ್ಲಿ ಹೋಗಿ ಬಂದು, ಸಿಕ್ಕ ಒಂದು ದಿನದ ಬಿಡುವಿನಲ್ಲಿ ಸವಣೂರಿಗೆ ಓಡಿ, ತಾಯಿಯ ಬೆನ್ನು ತೊಳೆದು, ಪಕ್ಕದ ಮನೆಯಾಕೆಗೆ ಮತ್ತೊಮ್ಮೆ ತೋರಿಸಿಕೊಟ್ಟು, ಮರುದಿನ ವಾರ್ಡಿಗೆ ಹಾಜರಾಗುತ್ತಿದ್ದರು. ನಡುವೆ ಅವರಿಗೇ ಚಳಿಜ್ವರ ಹಿಡಿಯಿತು. ಕ್ವಿನೀನು ನುಂಗಿ, ಕಿವಿ ಕೇಳಿಸದೆ, ರೋಗಿಗಳ ಬಾಯಿ ನೋಡಿ ಮಾತು ತಿಳಿದುಕೊಂಡು ಕೆಲಸ ಮಾಡಿದರು. ಅವ್ವ ಒಂದು ದಿನ ಅಂದಳು: "ಬಾಯಾರ, ಇವತ್ತ ಮಲಗ್ರಿ." ಅವರು ನಕ್ಕರು. "ನಾ ಮಲಗಿದ್ರ ನನ್ನ ಯಾರ ಹೊಳ್ಳಸ್ತಾರ್ರಿ?"

ಕೊನೆಗೆ ಸವಣೂರಿನಿಂದ ಬಂದ ಕಂಡಕ್ಟರ, ಬೆನ್ನು ಒಡೆದಿದೆ ಎಂದು ಹೇಳಿದ. ಬಾಯಿಯವರು ರಾಜೀನಾಮೆ ಬರೆದರು. ಬೇರೆ ನರ್ಸ್ ಬಂದು ಕೆಲಸ ವಹಿಸಿಕೊಂಡ ಮೇಲೆ ಬಿಡಬಹುದು ಎಂಬ ಉತ್ತರ ಬಂತು.

ಅದಾದ ಮರುಸಂತೆಯ ದಿನ ನಾನು ಸುದ್ದಿಯ ಲಕೋಟೆ ಕಳಿಸಲು ಮೋಟಾರು ನಿಲ್ಲುವ ಜಾಗಕ್ಕೆ ಹೋಗಿದ್ದೆ. ಹುಬ್ಬಳ್ಳಿಯ ಪತ್ರಿಕೆಗಾಗಿ ಮಾಸ್ತರರೂ ಬಂದಿದ್ದರು. ಹಗಲು ಹೊತ್ತು, ಸಂತೆಯ ಗದ್ದಲ. ಬಾಯಿಯವರು ಒಂದು ತಗಡಿನ ಟ್ರಂಕು ಇಟ್ಟುಕೊಂಡು ನಿಂತಿದ್ದರು. ಮಾಸ್ತರರು ತಾವೇ ಹೋಗಿ ಅದರ ಒಂದು ತುದಿ ಎತ್ತಿದರು, ಇನ್ನೊಂದು ತುದಿಯನ್ನು ಮೋಟಾರಿನ ಕ್ಲೀನರ ಹಿಡಿದ.

"ಎರಡ ದಿನಕ್ಕ ಇಷ್ಟು ದೊಡ್ಡ ಟ್ರಂಕ್ ಯಾಕ್ರಿ ಬಾಯಾರ? ಸವಣೂರ ಖಾರಾ ತುಂಬಕೊಂಡ ಬರ್ಲಿಕ್ಕೇನು?"

"ಇಲ್ರಿ ಮಾಸ್ತರ. ಇದರಾಗ ನಂದೆಲ್ಲಾ ಐತಿ."

"ಹಂಗಂದ್ರ?"

"ಕಪಾಟಿನ ಕೀಲಿ ಡಾಕ್ಟರ ಸಾಹೇಬ್ರ ಕೈಯಾಗ ಕೊಟ್ಟ ಬಂದೇನಿ. ಇನ್ನ ಬರೂದಿಲ್ರಿ."

ಮಾಸ್ತರರು ಟ್ರಂಕನ್ನು ನೆಲಕ್ಕಿಳಿಸಿದರು. "ಹಂಗ ಹೆಂಗ ಹೋಗ್ತೀರಿ? ಬ್ಯಾರೆ ಬಾಯಿ ಬರೋತನಾ ಆದ್ರೂ..."

"ಬ್ಯಾರೆ ಬಾಯಿ ಎಲ್ಲಿಂದ ಬರ್ತಾಳ್ರಿ? ನೀವ ಹೇಳ್ರಿ. ಬರಾಕಿ ಇದ್ದಿದ್ರ ಹಿರೇಕೆರೂರಿಗೆ ಬರತಿದ್ದಿಲ್ಲೇನು?"

"ನಿಮ್ಮ ಮ್ಯಾಲೆ ಕೇಸ್ ಹಾಕ್ತಾರ."

"ಹಾಕ್ಲಿ. ನಮ್ಮವ್ವನ ಮನಿ ಎಲ್ಲಿ ಐತಿ ಅಂತ ಕಂಡಕ್ಟರಗ ಗೊತ್ತೈತಿ."

ಕಂಡಕ್ಟರ ನಕ್ಕ. ಮಾಸ್ತರರು ನಗಲಿಲ್ಲ. ಅವರ ಕೈ ಇನ್ನೂ ಟ್ರಂಕಿನ ಹಿಡಿಕೆಯ ಮೇಲೆಯೇ ಇತ್ತು, ಬೀಗರ ಗಂಟಿನ ಮೇಲೆ ಇರುವಂತೆ. ಬಾಯಿಯವರು ಅದನ್ನು ನೋಡಿದರು.

"ಬಿಡ್ರಿ, ಮಾಸ್ತರ."

ಮಾಸ್ತರರು ಬಿಟ್ಟರು. ಕ್ಲೀನರ ಟ್ರಂಕನ್ನು ಮೇಲೆ ಎಳೆದುಕೊಂಡ. ಆಗ ಅವರು ಬಹಳ ಸಣ್ಣ ದನಿಯಲ್ಲಿ, ಯಾರಾದರೂ ಕೇಳಿಸಿಕೊಂಡಾರು ಎಂಬ ಹಾಗೆ, "ನಮ್ಮನಿಯಾಕಿ ಕಾಲು?" ಎಂದರು.

"ಕುದಿಸಿದ ಬಟ್ಟಿ ಒಂದ ಗಂಟ ಕಟ್ಟಿ ನಿಮ್ಮನಿ ಅಕ್ಕಾರ ಕೈಯಾಗ ಕೊಟ್ಟೇನಿ. ತೀರಿದ ಮ್ಯಾಲೆ ಮನ್ಯಾಗ ಕುದಿಸ್ಕೊಳ್ರಿ. ಯಾರರ ಒಬ್ಬರು ಕಲೀಬೇಕ್ರಿ ಮಾಸ್ತರ. ಇನ್ನ ಮುಂದ ಯಾರೂ ಬರೂದಿಲ್ಲ."

ಹಿಡಿದುಕೊಳ್ಳಲು ಹೋಗಿ ಊರು ಅವರನ್ನು ಪೂರ್ತಿಯಾಗಿಯೇ ಕಳೆದುಕೊಂಡಿತು. ಶಿಗ್ಗಾವಿಗೆ ಕೊಟ್ಟಿದ್ದರೆ ಶಿಗ್ಗಾವಿಗಾದರೂ ಉಳಿಯುತ್ತಿದ್ದರು, ನಮ್ಮ ಊರಿಗೂ ಒಮ್ಮೊಮ್ಮೆ ಬರುತ್ತಿದ್ದರು. ಈಗ ಮೂರೂ ಕಡೆ ಯಾರೂ ಇಲ್ಲ. ಮೆಟ್ಟಿಲ ಹತ್ತಿರ ಚಕ್ಕಡಿಗಳು ಬಂದು ತಿರುಗುತ್ತಲೇ ಇದ್ದವು. ತಿಳವಳ್ಳಿಯ ಕಡೆಯ ಬಾಣಂತಿಯೊಬ್ಬಳು ಹಾಗೆ ತಿರುಗಿ ಹೋದವಳು ಊರು ಮುಟ್ಟಲಿಲ್ಲ ಎಂದು ಆಮೇಲೆ ತಿಳಿಯಿತು. ಡಾಕ್ಟರರೇ ಚಿಮಟ ಕುದಿಸುತ್ತಿದ್ದರು. ನಾನು ಮತ್ತೆ ಮತ್ತೆ ಅದೇ ಸುದ್ದಿ ಬರೆದೆ: ಹಾನಗಲ್ಲಿನ ದವಾಖಾನೆಯಲ್ಲಿ ನರ್ಸ್ ಇಲ್ಲ. ಹುಬ್ಬಳ್ಳಿಗೆ ಹೋದಾಗ ಸಂಪಾದಕರು ಕೂರಿಸಿಕೊಂಡು ಹೇಳಿದರು: "ಇದು ಸುದ್ದಿ ಅಲ್ಲ ತಮ್ಮಾ, ಸ್ಥಿತಿ. ನರ್ಸ್ ಬಂದಳು ಅಂತ ಬರಿ, ಮೊದಲ ಪುಟಕ್ಕ ಹಾಕ್ತೇನಿ." ಅವರು ಹೇಳಿದ್ದು ವೃತ್ತಿಯ ದೃಷ್ಟಿಯಿಂದ ಸರಿಯಾಗಿತ್ತು.

ಮುಂದಿನ ಬೇಸಿಗೆಯ ಹೊತ್ತಿಗೆ ಮಾಸ್ತರರ ಹೆಂಡತಿಯ ಕಾಲು ಕೆಟ್ಟಿತು. ಪಟ್ಟಿ ಕಟ್ಟಲು ಒಬ್ಬ ನೆಂಟಳು ಬಂದಿದ್ದಳು, ವಾಸನೆಗೆ ತಾಳದೆ ಹೋದಳು. ಆಕೆಯನ್ನು ಮಾಸ್ತರರು ಜಗ್ಗಿದರೂ ನಿಲ್ಲಲಿಲ್ಲ. ದೊಡ್ಡ ಊರಿಗೆ ಒಯ್ದರೆ ಕಾಲು ಕತ್ತರಿಸುತ್ತಾರೆ ಎಂದು ಹೆಂಡತಿ ಒಪ್ಪಲಿಲ್ಲ. ಕೊನೆಗೆ ಆಕೆಯೇ, ಬಾಯಾರ ಹತ್ತಿರ ಕರ್ಕೊಂಡ ಹೋಗ್ರಿ ಎಂದಳು. ಸಂಸ್ಥಾನದ ಸುದ್ದಿ ಬರೆಯಲು ನನಗೂ ಸವಣೂರಿಗೆ ಹೋಗುವುದಿತ್ತು. ಮೂವರೂ ಕೂಡಿ ಹೋದೆವು.

ಮನೆ ಎಲೆತೋಟಗಳ ಅಂಚಿಗಿತ್ತು. ಬಾಗಿಲ ಮುಂದೆ ಎರಡು ಚಕ್ಕಡಿಗಳು ನಮಗಿಂತ ಮೊದಲೇ ಬಂದು ನಿಂತಿದ್ದವು. ಒಂದು ಶಿಗ್ಗಾವಿಯ ಕಡೆಯದು. ಬಾಯಿಯವರು ಒಳಗಿನಿಂದಲೇ "ಕುಂತ್ರಿ, ಬರ್ತೇನಿ" ಎಂದರು. ತೆರೆದ ಬಾಗಿಲಿನಿಂದ ಕಾಣುತ್ತಿತ್ತು. ಮುದುಕಿಯನ್ನು ಎಡಮಗ್ಗಲಿಗೆ ಹೊಳ್ಳಿಸಿ, ಬೆನ್ನಿಗೆ ಹಳೆಯ ಸೀರೆಯ ಮಡಿಕೆ ಒತ್ತು ಕೊಟ್ಟು, ಮೊಣಕಾಲುಗಳ ನಡುವೆ ದಿಂಬಿಟ್ಟರು. ಬೆನ್ನಿನ ಹುಣ್ಣು ದೊಡ್ಡದಿತ್ತು, ಆದರೆ ಅಂಚು ಒಣಗುತ್ತಿತ್ತು. ಮುದುಕಿ ಬದುಕಿದ್ದಳು. ಬಂದ ಮಂದಿಯನ್ನು ಕಣ್ಣಿನಿಂದ ಎಣಿಸುವಂತೆ ನೋಡಿದಳು.

ಬಾಯಿಯವರು ಹೊರಗೆ ಬಂದು ಮಾಸ್ತರರ ಹೆಂಡತಿಯ ಕಾಲು ನೋಡಿದರು. ಬೈಯಲಿಲ್ಲ. ತೊಳೆದರು, ಕೊಳೆತದ್ದನ್ನು ತೆಗೆದರು. ಪಟ್ಟಿ ಸುತ್ತಿ, ಮತ್ತೆ ಬಿಚ್ಚಿ, ಬಟ್ಟೆಯನ್ನು ಮಾಸ್ತರರ ಮುಂದೆ ಹಿಡಿದರು.

"ಈಗ ನೀವ ಕಟ್ರಿ."

ಮಾಸ್ತರರು ಹಿಂದೆ ಸರಿದರು. ಅವರ ಹೆಂಡತಿ ಸಟ್ಟನೆ ಕಾಲು ಎಳೆದುಕೊಂಡಳು. ಗಂಡ ಹೆಂಡತಿಯ ಕಾಲು ಮುಟ್ಟುವುದು! ಚಕ್ಕಡಿಯ ಮಂದಿ ಕೂಡ ಈ ಕಡೆ ತಿರುಗಿ ನೋಡಿತು.

"ಬ್ಯಾಡ್ರಿ ಬಾಯಾರ, ನನಗ ಪಾಪ ಹತ್ತತದ."

"ಹತ್ತಲಿ ಅಕ್ಕಾರ. ಹುಣ್ಣಿಗಿಂತ ಜಲ್ದಿ ಮಾಯತೈತಿ. ಕಾಲ ಕೊಡ್ರಿ."

"ಯಾರರ ಹೆಣಮಕ್ಕಳು ಸಿಗ್ತಾರ, ನೋಡೋಣು. ನಾ ಮತ್ತೊಂದು ಅರ್ಜಿ..." ಎಂದು ಮಾಸ್ತರರು ಶುರು ಮಾಡಿದರು.

"ಮಾಸ್ತರ," ಎಂದರು ಬಾಯಿಯವರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. "ಇಲ್ಲಿತನಾ ಬಂದೀರಿ. ದಿನಾ ಬಿಟ್ಟ ದಿನಾ ಇಲ್ಲಿಗೆ ಬರಾಕ ಆಗತೈತೇನು? ಇಲ್ಲ. ನಾ ಅಲ್ಲಿಗೆ ಬರಾಕ ಆಗತೈತೇನು? ಒಳಗ ನೋಡ್ರಿ. ಮತ್ತ ಉಳದಾವ್ರ ಯಾರು?"

ಮಾಸ್ತರರು ಒಳಗೆ ನೋಡಿದರು. ಮುದುಕಿ ಮಗ್ಗಲಾಗಿ ಮಲಗಿ ಇತ್ತಲೇ ನೋಡುತ್ತಿದ್ದಳು. ಅವರು ಶಲ್ಯವನ್ನು ತೆಗೆದು ನನ್ನ ಕೈಗೆ ಕೊಟ್ಟು ನೆಲಕ್ಕೆ ಕುಳಿತರು. ಹೆಂಡತಿ ಮುಖಕ್ಕೆ ಸೆರಗು ಹಾಕಿಕೊಂಡು ಕಾಲು ಚಾಚಿದಳು. ಮೊದಲ ಸಲ ಪಟ್ಟಿ ಜಾರಿತು. ಎರಡನೆಯ ಸಲ ಬಿಗಿಯಾಯಿತು, ಆಕೆಯ ಕಾಲ್ಬೆರಳು ಬಿಳುಪೇರಿದವು. ಬಾಯಿಯವರು ಬಿಚ್ಚಿ ಮತ್ತೆ ಕೈಗಿಟ್ಟರು. "ಹಗೂರಕ," ಎಂದಳು ಸೆರಗಿನ ಹಿಂದಿನಿಂದ ಹೆಂಡತಿ, "ಅರ್ಜಿ ಕಟ್ಟಿದಂಗ ಕಟ್ಟಬ್ಯಾಡ್ರಿ." ಚಕ್ಕಡಿಯವರು ನಕ್ಕರು. ಮಾಸ್ತರರೂ, ಮುಖ ಎತ್ತದೆ, ನಕ್ಕರು ಎಂದು ನನ್ನ ನೆನಪು.

ಆ ಹುಣ್ಣು ಪೂರ್ತಿ ಮಾಯಲಿಲ್ಲ. ಹರಡಲೂ ಇಲ್ಲ. ಆಕೆ ಇರುವವರೆಗೆ ಮಾಸ್ತರರೇ ಪಟ್ಟಿ ಕಟ್ಟಿದರು. ಓಣಿ ಮೊದಲು ಆಡಿಕೊಂಡಿತು, ಆಮೇಲೆ ಬಿಟ್ಟಿತು. ಅವರ ಹಿತ್ತಲಲ್ಲಿ ಒಣಹಾಕಿದ ಪಟ್ಟಿಯ ಬಟ್ಟೆಗಳು ನಮ್ಮ ಕಟ್ಟೆಗೂ ಕಾಣುತ್ತಿದ್ದವು. ನರ್ಸ್ ಕೊಡಿರಿ ಎಂದು ಅರ್ಜಿ ಬರೆಯುವುದನ್ನೂ ಅವರು ಬಿಡಲಿಲ್ಲ. ಯುದ್ಧ ಮುಗಿಯಿತು, ದೊರೆಗಳು ಬದಲಾದರು, ಉತ್ತರ ಬಹಳ ದಿನ ಅದೇ ಬಂತು.

ಆ ದಿನ ಸವಣೂರಿನಲ್ಲಿ ಕೆಲಸ ಮುಗಿದಾಗ ಬಿಸಿಲು ಇಳಿಯುತ್ತಿತ್ತು. ಮಾಸ್ತರರು ಕೈ ತೊಳೆದು, ಶಲ್ಯ ಹೊದ್ದು, ಹೊರಡುವ ಮಾತು ತೆಗೆದು ಸುಮ್ಮನೆ ನಿಂತರು. ಇಂಥ ಹೊತ್ತಿನಲ್ಲಿ ಮನೆಯವರು ಆಡಬೇಕಾದ ಮಾತು ಒಂದಿದೆ. ಇನ್ನೊಂದು ದಿನ ಇರಿ ಎನ್ನಬೇಕು. ಅವರು ಅದಕ್ಕೆ ಕಾಯುತ್ತಿದ್ದರೆಂದಲ್ಲ, ರೂಢಿಯಿಂದ ನಿಂತಿದ್ದರು.

"ಹೋಗ್ರಿ ಮತ್ತ," ಎಂದರು ಬಾಯಿಯವರು. "ತಡಾ ಮಾಡಿದ್ರ ಮೋಟಾರ ಸಿಗೂದಿಲ್ಲ."

ಶಿಗ್ಗಾವಿಯ ಚಕ್ಕಡಿಯಲ್ಲಿದ್ದ ಹೆಂಗಸಿಗೆ ಸ್ವಲ್ಪ ತಡೆಯುವಂತೆ ಕೈ ಮಾಡಿ, ಎಡಗಾಲನ್ನು ತುಸು ಎಳೆಯುತ್ತ ಒಳಗೆ ಹೋದರು. ತಾಯಿಯನ್ನು ಮತ್ತೆ ಹೊಳ್ಳಿಸುವ ಹೊತ್ತಾಗಿತ್ತು.